ಕಡಲು ಕಾಣದ ಕಡಲಗುಡ್ಡ

ಫ್ರಾನ್ಸ್ ದೇಶದ ಒಳನಾಡಿನಲ್ಲಿ ವಾಲ್‌ಬ್ರೀ ಎಂಬ ಹಳ್ಳಿಯಿದೆ. ಊರ ಬೆನ್ನಿಗೆ ದುಂಡನೆಯ ಗುಡ್ಡ, ಅದರ ನೆತ್ತಿಯ ಮೇಲೊಂದು ಸವೆದ ಕಲ್ಲಾಸನ. ಅಲ್ಲಿ ನಿಂತರೆ ಕಣ್ಣು ಹಾಯುವಷ್ಟು ದೂರವೂ ಗೋಧಿಯ ಹೊಲಗಳೇ. ಸಮುದ್ರಕ್ಕೆ ಹತ್ತು ದಿನದ ಕಾಲುಹಾದಿ. ಆದರೂ ಊರವರು ಅದನ್ನು ಕಡಲಗುಡ್ಡವೆಂದೇ ಕರೆಯುತ್ತಾರೆ.

ಹಿಂದೆ ಒಮ್ಮೆ ಆ ದೇಶವನ್ನಾಳಿದ ಚಕ್ರವರ್ತಿಯೊಬ್ಬನ ಮಡದಿ ಒಕ್ತಾವಿ ದೂರದ ದ್ವೀಪವೊಂದರಲ್ಲಿ ಹುಟ್ಟಿದವಳಂತೆ. ಹದಿನಾರಕ್ಕೆ ಹಡಗು ಹತ್ತಿ ಬಂದವಳು ಚಕ್ರವರ್ತಿನಿಯಾದಳು. ಮಡಿಲು ತುಂಬಲಿಲ್ಲವೆಂದು ಚಕ್ರವರ್ತಿ ಅವಳನ್ನು ಬಿಟ್ಟು ಬೇರೊಬ್ಬಳನ್ನು ತಂದ. ಒಕ್ತಾವಿಗೆ ವಾಲ್‌ಬ್ರೀಯಲ್ಲಿ ಮನೆ ಕೊಟ್ಟು, ಚಕ್ರವರ್ತಿನಿಯೆಂಬ ಹೆಸರನ್ನೂ ಉಳಿಸಿದ. ಆದರೆ ಆ ಹೆಸರು ಹೊತ್ತವಳು ದೇಶ ಬಿಟ್ಟು ಹೋಗಕೂಡದೆಂದು ಕಟ್ಟಪ್ಪಣೆ ಮಾಡಿದ. ತವರಿನಲ್ಲಿ ತಾಯಿ ಇನ್ನೂ ಬದುಕಿದ್ದಳು. ಒಮ್ಮೆ ನೋಡಿ ಬರುತ್ತೇನೆಂದು ಅವಳು ಬರೆದ ಓಲೆಗಳಿಗೆಲ್ಲ ಬಂದದ್ದು ಒಂದೇ ಉತ್ತರ: ಆಗದು.

ಅವಳ ಊಳಿಗಕ್ಕಿದ್ದವಳು ಮಾರ್ಗೋ, ಅದೇ ಊರಿನ ಕುರಿಗಾಹಿಯೊಬ್ಬನ ವಿಧವೆ. ಸಂಜೆಯಾದರೆ ಒಡತಿಯ ಕೈಹಿಡಿದು ಗುಡ್ಡ ಹತ್ತಿಸುವಳು. ಒಡತಿ ಪಡುವಣಕ್ಕೆ ಮುಖ ಮಾಡಿ ಕುಳಿತು, ತವರುಮನೆಯ ಅಂಗಳದವರೆಗೂ ಕೇಳುವ ಅಲೆಗಳ ಮೊರೆತವನ್ನೂ ತಾಯಿ ತಲೆಗೆ ಎಣ್ಣೆ ತಿಕ್ಕುತ್ತಿದ್ದುದನ್ನೂ ಹೇಳುವಳು. ಹತ್ತಾರು ವರ್ಷ ಅದನ್ನೇ ಕೇಳಿ ಕೇಳಿ ಮಾರ್ಗೋಗೆ ಆ ಮನೆ ತನ್ನದೇ ತವರೆನಿಸಿತ್ತು ಎನ್ನುತ್ತಾರೆ. ಅಷ್ಟರಲ್ಲಿ ಒಡತಿಯ ಕಣ್ಣಿಗೆ ಪೊರೆ ಬಂತು. ಒಂದು ಬೇಸಿಗೆಯಲ್ಲಿ, ತಾಯಿ ತೀರಿಕೊಂಡ ಸುದ್ದಿ ಆರು ತಿಂಗಳು ತಡವಾಗಿ ತಲುಪಿತು. ಅಂದೂ ಅವಳು ಗುಡ್ಡ ಹತ್ತಿದಳು. ಎಂದಿನಂತೆ ಪಡುವಣಕ್ಕೆ ಮುಖ ಮಾಡಿ ಕುಳಿತಳು.

"ಮಾರ್ಗೋ, ಕಡಲು ಕಾಣುತ್ತದೆಯೆ?"

ಮಾರ್ಗೋ ಕಡಲನ್ನು ಕಂಡವಳಲ್ಲ. ಒಡತಿಗೆ ಎಂದೂ ಸುಳ್ಳಾಡಿದವಳೂ ಅಲ್ಲ. ಕೆಳಗೆ ಮಾಗಿದ ಗೋಧಿ ಗಾಳಿಗೆ ಏಳುತ್ತ ಬೀಳುತ್ತ ಇತ್ತು.

"ಕಾಣುತ್ತದೆ, ತಾಯೀ. ಅಲೆ ಏಳುತ್ತಿದೆ."

"ಯಾವ ಬಣ್ಣ?"

ಎರಡನೆಯ ಸುಳ್ಳಿಗೆ ಅವಳ ನಾಲಿಗೆ ಏಳಲಿಲ್ಲ. "ಹೊನ್ನಿನ ಬಣ್ಣ," ಎಂದಳು.

ಒಡತಿ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಸಂಜೆಯ ಹೊತ್ತಿಗೆ ನಮ್ಮ ಕಡಲು ಹಾಗೆಯೇ ಇರುತ್ತಿತ್ತು."

ಗೊತ್ತಿದ್ದೂ ಹಾಗೆಂದಳೆನ್ನುವವರಿದ್ದಾರೆ, ಗೊತ್ತಾಗಲಿಲ್ಲವೆನ್ನುವವರೂ ಇದ್ದಾರೆ. ಎಲೆಯುದುರುವ ಕಾಲಕ್ಕೆ ಒಕ್ತಾವಿ ತೀರಿಕೊಂಡಳು. ಮಾರ್ಗೋ ಮಾತ್ರ ಮುಪ್ಪಿನವರೆಗೂ ಸಂಜೆಯಾದರೆ ಕಡಲಗುಡ್ಡಕ್ಕೆ ಹೋಗಿಬರುತ್ತೇನೆಂದು ಹೇಳಿಯೇ ಹೊರಡುತ್ತಿದ್ದಳು. ಮೊದಮೊದಲು ನಕ್ಕ ಜನರ ಬಾಯಲ್ಲೂ ಕ್ರಮೇಣ ಆ ಹೆಸರೇ ನಿಂತಿತು.

ಇಂದು ಅಲ್ಲಿಗೆ ಹೋದವರು ನೋಡಬಹುದು: ಗುಡ್ಡದ ಮೂರು ಬದಿಗೂ ಓಕ್ ಮರಗಳು ದಟ್ಟವಾಗಿ ಬೆಳೆದಿವೆ, ಪಡುವಣದ ಇಳಿಜಾರು ಮಾತ್ರ ಬರಿದು. ವಸಂತ ಬಂತೆಂದರೆ ಊರ ಹೆಂಗಸರು ಅಲ್ಲಿ ತಲೆಯೆತ್ತಿದ ಸಸಿಗಳನ್ನು ಕಿತ್ತು ಬೇರೆ ಬದಿಯಲ್ಲಿ ನೆಡುತ್ತಾರೆ. ಏಕೆಂದು ಕೇಳಿದರೆ, ಒಡತಿಗೆ ಅಡ್ಡವಾಗುತ್ತದೆ ಎನ್ನುತ್ತಾರೆ.