ಮಿಕ್ಕ ಒಂದು ಕಡಲೆಕಾಯಿ

ಶಾಲೆಯ ಕಿಟಕಿಗೆ ತಾಗಿದ ಹೊಂಗೆಮರದಲ್ಲಿ ಒಬ್ಬ ಅಳಿಲಮ್ಮ ತನ್ನ ಮರಿಯೊಡನೆ ಇದ್ದಳು. ಮಳೆಗಾಲಕ್ಕೆ ಮುಂಚೆ ಕೂಡಿಟ್ಟದ್ದನ್ನು ಕೇಳಿ ಬಂದವರೊಡನೆ ಸಮನಾಗಿ ಹಂಚಿಕೊಳ್ಳಬೇಕು, ಸಮಪಾಲಾಗದಿದ್ದರೆ ಎಲ್ಲವೂ ಕೂಡಿಟ್ಟವರಿಗೇ ಎಂಬುದು ಆ ಮರದ ನಿಯಮ. ಅಳಿಲಮ್ಮ ಕಿಟಕಿಯಲ್ಲಿ ಕೂತು ಹತ್ತನೇ ತರಗತಿಯ ಗಣಿತ ಕೇಳಿದವಳು. ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆಯನ್ನು ಹುಡುಕಿ, ಸರಿಯಾಗಿ ಸಾವಿರದ ಒಂಬತ್ತು ಕಡಲೆಕಾಯಿ ಕೂಡಿಟ್ಟಳು.

ಕಾಗೆ ಬಂದು ಎರಡು ಪಾಲು ಮಾಡಿತು. ಒಂದು ಕಾಯಿ ಮಿಕ್ಕಿತು.

"ಮಿಕ್ಕಿತಲ್ಲ ಕಾಗಣ್ಣ, ಹೊರಡು," ಎಂದಳು ಅಳಿಲಮ್ಮ.

ಗಿಳಿ ದಂಪತಿ ಬಂದು ಮೂರು ಪಾಲು ಮಾಡಿದರು. ಆಗಲೂ ಒಂದು ಮಿಕ್ಕಿತು. ಕಡೆಗೆ ಕಾಗೆಯೂ ಗಿಳಿಗಳೂ ಒಟ್ಟಾಗಿ ಬಂದು, ಅಳಿಲಮ್ಮನನ್ನೂ ಸೇರಿಸಿ ನಾಲ್ಕು ಗುಡ್ಡೆ ಹಾಕಿದರು. ಮತ್ತೆ ಅದೇ ಒಂದು ಮಿಕ್ಕಿತು.

ಅಳಿಲಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ರೆಕ್ಕೆ ಇದ್ದರೆ ಸಾಲದು, ತಲೆಯೂ ಇರಬೇಕು! ಇದನ್ನು ನಿಮ್ಮ ಮುತ್ತಜ್ಜ ಬಂದರೂ ಭಾಗಿಸಲಾರ."

ಬೆಳಗಿನಿಂದ ಕಾವಲು ಕೂತು ಹಸಿದಿದ್ದಳು. ನಗುನಗುತ್ತಲೇ ಆ ಮಿಕ್ಕ ಕಾಯಿಯನ್ನು ಸುಲಿದು ಬಾಯಿಗೆ ಹಾಕಿಕೊಂಡಳು.

ಹೆಣ್ಣುಗಿಳಿ ನಾಲ್ಕು ಗುಡ್ಡೆಗಳನ್ನು ನೋಡಿತು, ಅವಳ ಉಬ್ಬಿದ ಕೆನ್ನೆಯನ್ನು ನೋಡಿತು. "ಅಳಿಲಮ್ಮ, ಈಗ ಮಿಕ್ಕಿದ್ದೆಷ್ಟು?"

ಅಳಿಲಮ್ಮನ ಕೈಯಲ್ಲಿ ಬರೀ ಸಿಪ್ಪೆ ಇತ್ತು. ಹಕ್ಕಿಗಳು ತಮ್ಮ ಮೂರು ಗುಡ್ಡೆ ಹೊತ್ತು ನಡೆದವು.

"ಯಾರೂ ಭಾಗಿಸಲಾರರು ಅಂದಿದ್ದೆಯಲ್ಲಮ್ಮಾ?" ಎಂದು ಮರಿ ಕೇಳಿತು.

ಅಳಿಲಮ್ಮ ಹಲ್ಲಿಗೆ ಸಿಕ್ಕಿದ ಚೂರನ್ನು ನಾಲಿಗೆಯಿಂದ ತೆಗೆದಳು. "ನನ್ನ ಲೆಕ್ಕ ಸರಿಯಾಗೇ ಇತ್ತು ಮಗಳೇ. ನನ್ನ ಬಾಯಿಯನ್ನು ಲೆಕ್ಕಕ್ಕೆ ಸೇರಿಸಿರಲಿಲ್ಲ, ಅಷ್ಟೆ."