ಬೇರೆ ಸ್ವಿಚ್ಚು ಕೇಳಿದ ವ್ಯಾಪಾರಿ

“ಗುರುಗಳೇ, ನಾನು ಕೊಟ್ಟದ್ದು ನನ್ನದೆಂದು ಯಾರಿಗೂ ಗೊತ್ತಾಗದಿದ್ದರೆ, ಕೊಟ್ಟ ಸಂತೋಷ ಎಲ್ಲಿಂದ ಬರಬೇಕು?” ಎಂದು ಶಿಷ್ಯ ಪಂಪಣ್ಣ ಕೇಳಿದ.

ಗುರುಗಳು ನಕ್ಕರು. “ಭಲೇ, ಒಳ್ಳೆಯದನ್ನೇ ಕೇಳಿದೆ! ಒಬ್ಬ ಬೆಲ್ಲದ ವ್ಯಾಪಾರಿಗೂ ಇದೇ ಚಿಂತೆ ಹತ್ತಿತ್ತು, ಕೇಳು,” ಎಂದು ಕತೆ ಶುರುಮಾಡಿದರು.

ಒಂದು ಊರಿನವರು ಚಂದಾ ಎತ್ತಿ ಕ್ರೀಡಾಭವನ ಕಟ್ಟಿದರು. ದೀಪ ಹಾಕಿಸುವ ಹೊತ್ತಿಗೆ ಕೈ ಹೆಚ್ಚುಕಡಿಮೆ ಬರಿದಾಗಿತ್ತು. ಉಳ್ಳವರು ಒಂದೊಂದು ಎಲ್‌ಇಡಿ ಪ್ಯಾನೆಲ್ ದೀಪ ಕೊಡುವುದು, ಉಳಿದ ಚಂದಾದಲ್ಲಿ ವೈರು ತರುವುದು ಎಂದಾಯಿತು. ದೀಪದಿಂದ ದೀಪಕ್ಕೆ ಒಂದೇ ವೈರು ಎಳೆದು, ಸಾಲಿಗೊಂದು ಸ್ವಿಚ್ಚು ಇಟ್ಟರೆ ಅಗ್ಗದಲ್ಲಿ ಮುಗಿಯುತ್ತದೆ ಎಂದು ವೈರಿಂಗ್ ಮಾಡುವವನು ಹೇಳಿದ. ಎಲ್ಲರೂ ಹೂಂ ಅಂದರು.

ವ್ಯಾಪಾರಿ ಮಾತ್ರ ಅಡ್ಡ ಬಂದ. “ನನ್ನ ದೀಪಕ್ಕೆ ಬೇರೆ ವೈರು, ಬೇರೆ ಸ್ವಿಚ್ಚು, ಅದರ ಕೆಳಗೆ ನನ್ನ ಹೆಸರು. ನಾನು ಒತ್ತಿದರೆ ನನ್ನ ದೀಪ ಹತ್ತಬೇಕು!”

ಅವನಿಗುಂಟು, ನಮಗೇಕಿಲ್ಲ? ಉಳಿದ ದಾನಿಗಳೂ ಹಟ ಹಿಡಿದರು. ಬಾಗಿಲ ಪಕ್ಕದ ಹಲಗೆಯ ತುಂಬ ಸ್ವಿಚ್ಚುಗಳಾದವು. ಒಂದೊಂದು ದೀಪಕ್ಕೂ ಅಲ್ಲಿಂದಲೇ ವೈರು ಎಳೆಯಬೇಕಾಯಿತು.

ವೈರಿಂಗ್ ಮುಗಿಯಬೇಕಿದ್ದ ದಿನವೇ ಸಂಜೆ ಅಲ್ಲಿ ಹೆಣ್ಣುಮಕ್ಕಳ ಕಬಡ್ಡಿ ಫೈನಲ್. ವ್ಯಾಪಾರಿಯ ಮಗಳೇ ಊರ ತಂಡದ ನಾಯಕಿ. ಬಯಲಿನ ಮಣ್ಣಿನಲ್ಲಿ ಮೊಣಕಾಲು ಒಡೆದುಕೊಂಡು ಆಟ ಕಲಿತವಳು. ಸ್ವಂತ ಊರಿನವರ ಮುಂದೆ ಫೈನಲ್ ಆಡಬೇಕೆಂಬುದು ಅವಳ ಬಹುದಿನದ ಆಸೆ. ಬೆಳಗಿನಿಂದ ವ್ಯಾಪಾರಿಯ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಜನ ಕಿಕ್ಕಿರಿದರು. ಅರ್ಧ ದೀಪಗಳಿಗೆ ಎಳೆಯುವಷ್ಟರಲ್ಲೇ ತಂದ ವೈರು ಮುಗಿದುಹೋಯಿತು! ಬಾಗಿಲ ಕಡೆಯ ಅರ್ಧ ಅಂಕಣ ಹಗಲಿನಂತೆ, ಆಚೆಯ ಅರ್ಧ ಕತ್ತಲು. ಪೇಟೆಗೆ ಹೋಗಿ ವೈರು ತರುವಷ್ಟು ಹೊತ್ತಿಲ್ಲ.

“ಗೆರೆಯೇ ಕಾಣದೆ ಹೇಗೆ ಆಡಿಸಲಿ? ಆಟ ಪಕ್ಕದ ಊರಲ್ಲೇ ಆಗಲಿ,” ಎಂದು ತೀರ್ಪುಗಾರ ಎದ್ದ.

ಮಗಳು ಅಪ್ಪನ ಮುಖ ನೋಡಿದಳು. ಥೂ, ನನ್ನ ಸ್ವಿಚ್ಚಿಗಿಷ್ಟು ಬೆಂಕಿ ಬೀಳ, ಎಂದು ವ್ಯಾಪಾರಿ ತನ್ನನ್ನೇ ಬೈದುಕೊಂಡ.

“ಮೇನ್ ಆರಿಸಿ ನನ್ನ ವೈರು ಕೀಳಯ್ಯಾ!” ಎಂದು ವೈರಿಂಗ್ ಮಾಡುವವನಿಗೆ ಕೂಗಿದ. “ನನ್ನ ದೀಪ ಪಕ್ಕದ್ದಕ್ಕೆ ಜೋಡಿಸು. ಮಿಕ್ಕ ವೈರು ಆಚೆಗೆ ಎಳೆ!”

ಅವನು ಅಂದದ್ದೇ ತಡ, “ನನ್ನದೂ ಕೀಳು, ನನ್ನದೂ!” ಎಂದು ದಾನಿಗಳೆಲ್ಲ ಮುಗಿಬಿದ್ದರು. ಏಣಿ ಹಿಡಿಯಲು ನೂಕುನುಗ್ಗಲು. ದೀಪದಿಂದ ದೀಪಕ್ಕೆ ವೈರು ಓಡಿತು. ಸ್ವಿಚ್ಚು ಒತ್ತಿದಾಗ ಸಾಲುಸಾಲಾಗಿ ದೀಪ ಹತ್ತಿ ಭವನವೆಲ್ಲ ಝಗ್ಗೆಂದಿತು. ಶಿಳ್ಳೆಯೋ ಶಿಳ್ಳೆ! ಮಗಳು ಗೆರೆ ಮುಟ್ಟಿ ಹಣೆಗೊತ್ತಿಕೊಂಡು, “ಕಬಡ್ಡಿ, ಕಬಡ್ಡಿ” ಎನ್ನುತ್ತ ಎದುರಾಳಿಗಳ ನಡುವೆ ನುಗ್ಗಿದಳು.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಪಂಪಣ್ಣನಿಗೆ ತಡೆಯಲಾಗಲಿಲ್ಲ. “ಅಷ್ಟು ದೀಪಗಳಲ್ಲಿ ವ್ಯಾಪಾರಿಯದು ಯಾವುದು, ಗುರುಗಳೇ?”

“ಅವನಿಗೂ ತಿಳಿಯದಪ್ಪಾ, ಅವನು ಮಗಳ ಆಟ ನೋಡುತ್ತಿದ್ದ.”