ಬಿಳಿ ಪುಡಿ

“ಗುರುಗಳೇ, ಕೆಣಕಿದರೂ ಕಹಿಯಾಗದ ಮನುಷ್ಯ ಒಬ್ಬನಾದರೂ ಇದ್ದಾನೆಯೇ?” ಎಂದು ಕರಿಬಸವ ಕೇಳಿದ.

ಹತ್ತಿರ ಬಂದವರನ್ನೆಲ್ಲ ಅವನು ಕಟುಮಾತಿನಿಂದ ಕೆಣಕಿ ಪರೀಕ್ಷಿಸುತ್ತಿದ್ದ. ಪ್ರತಿ ಸಲವೂ ಕೊನೆಗೆ ಉಳಿಯುತ್ತಿದ್ದುದು ಕಹಿಯೇ. ಅಂದು ಬೆಳಿಗ್ಗೆ ಜೊತೆಯ ಶಿಷ್ಯ ಸೋಮಯ್ಯನೂ ಗಂಟು ಕಟ್ಟಿಕೊಂಡು ಮಠ ಬಿಟ್ಟಿದ್ದ. ಅವನೊಬ್ಬ ಬೇರೆ ಎಂದು ಕರಿಬಸವ ನಂಬಿದ್ದ. ಇನ್ನು ಯಾರನ್ನೂ ನಂಬುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಗುರುಗಳು ಹೇಳಿದರು:

ಇಬ್ಬರು ಗೆಳೆಯರಿದ್ದರು. ಒಬ್ಬ ಗುಂಡಿ ಅಗೆಯುವವನು, ಇನ್ನೊಬ್ಬ ಕಲ್ಲು ಪರೀಕ್ಷಿಸುವವನು. ಅವರು ಹುಡುಕುತ್ತಿದ್ದದ್ದು ಕುರುಂದ. ರತ್ನಕ್ಕೆ ಸಾಣೆ ಹಿಡಿಯುವಷ್ಟು ಗಟ್ಟಿಯಾದ ಕಲ್ಲು, ನೋಡಲು ಮಾತ್ರ ಮಂಕು. ಆ ನೆಲದ ಸುಣ್ಣಕಲ್ಲೂ ಅದೇ ಬಣ್ಣದ್ದು. ಪರೀಕ್ಷಕನ ಬಳಿ ಮೆರುಗಿಲ್ಲದ ಬಿಳಿ ಪಿಂಗಾಣಿ ಬಿಲ್ಲೆಯೊಂದಿತ್ತು. ಕಲ್ಲನ್ನು ಅದರ ಮೇಲೆ ಉಜ್ಜಿದರೆ ಸುಣ್ಣಕಲ್ಲು ಬಿಳಿ ಪುಡಿ ಬಿಡುತ್ತದೆ, ಕುರುಂದ ತನ್ನ ಪುಡಿ ಬಿಡುವುದಿಲ್ಲ. ಅವನು ಕಲಿತದ್ದು ಇಷ್ಟೇ.

ಗೆಳೆಯ ತಂದ ಪ್ರತಿ ಕಲ್ಲನ್ನೂ ಅವನು ಬಲವಾಗಿ ಉಜ್ಜಿದ. ಬೆರಳಿನಿಂದ ಒರೆಸಿ ಬೆರಳನ್ನು ನೋಡಿದ. ಪ್ರತಿ ಸಲವೂ ಬಿಳಿ. ಎಲ್ಲವನ್ನೂ ಸುಣ್ಣದ ಗೂಡಿಗೆ ಕಳಿಸಿದ. ನಿಮ್ಮ ಕೆಲವು ಕಲ್ಲು ನಿಮ್ಮಷ್ಟೇ ಮೊಂಡು, ಎಷ್ಟು ಸುಟ್ಟರೂ ಬೇಯುವುದಿಲ್ಲ ಎಂದು ಗೂಡಿನವರು ನಗೆಯಾಡಿದರು. ನಿಮ್ಮ ಬೆಂಕಿಯೇ ಸಾಲದು ಎಂದು ಅವನು ಬೈದು ಕಳಿಸಿದ.

ಒಂದು ದಿನ ಅಗೆಯುವವನು ಕಲ್ಲೊಂದನ್ನು ಅಂಗೈಯಲ್ಲಿ ತೂಗುತ್ತ ಬಂದ.

“ಇದು ಸುಣ್ಣಕಲ್ಲಿಗಿಂತ ಭಾರ ಬರ್ತಿದೆ ಕಣಣ್ಣ.”

“ಅಗೆದು ಸುಸ್ತಾಗಿದೀಯ, ಅದಕ್ಕೆ. ಇನ್ನೂ ಆಳಕ್ಕೆ ಇಳಿ.”

ಅವನು ಇಳಿದ. ಮಳೆಗೆ ನೆನೆದಿದ್ದ ಗುಂಡಿಯ ಗೋಡೆ ಕುಸಿಯಿತು. ಮಣ್ಣು ತೆಗೆದು ಅವನನ್ನು ಹೊರಗೆ ತರುವಷ್ಟರಲ್ಲಿ ಉಸಿರು ನಿಂತಿತ್ತು.

ಇನ್ನು ಈ ಕೆಲಸ ಬೇಡವೆಂದು ಪರೀಕ್ಷಕ ಬಿಲ್ಲೆಯನ್ನು ತೊಳೆಯಲು ಕುಳಿತ. ಬಿಳಿ ಪುಡಿಯೆಲ್ಲ ನೀರಿಗೆ ಹೋಯಿತು. ಆದರೂ ಕೆಲವು ಗೆರೆಗಳು ಹೋಗಲಿಲ್ಲ. ಉಗುರು ಆಡಿಸಿದ. ಉಗುರು ಒಳಗೆ ಇಳಿಯಿತು. ಅವು ಬಿಲ್ಲೆಗೆ ಬಿದ್ದ ಗೀರುಗಳು. ಗಟ್ಟಿಯಾದ ಕಲ್ಲು ಬಿಲ್ಲೆಯನ್ನು ಕೊರೆದಿತ್ತು. ಆ ಕಲ್ಲುಗಳನ್ನು ಉಜ್ಜಿದಾಗ ಅವನು ಬೆರಳಲ್ಲಿ ಕಂಡದ್ದು ಬಿಲ್ಲೆಯದೇ ಪುಡಿ.

ಅವನು ಸುಣ್ಣದ ಗೂಡಿಗೆ ಓಡಿದ. ಬೂದಿಯ ಗುಡ್ಡೆಯಲ್ಲಿ ಕುರುಂದದ ಕಲ್ಲುಗಳು ಬೇಯದೆ, ಒಡೆಯದೆ ಹಾಗೆಯೇ ಬಿದ್ದಿದ್ದವು. ಒಂದನ್ನು ಎತ್ತಿಕೊಂಡ. ಭಾರವಾಗಿತ್ತು. ಹೌದು ಕಣೋ ಎಂದು ಹೇಳೋಣವೆಂದರೆ ಗೆಳೆಯ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಸೋಮಯ್ಯನಿಗೆ ತಾನು ಆಡಿದ ಮಾತುಗಳು ಕರಿಬಸವನಿಗೆ ಒಂದೊಂದಾಗಿ ನೆನಪಾದವು. ಅವನ ಬಡತನವನ್ನು ಹಂಗಿಸಿದ್ದು. ಸತ್ತ ತಾಯಿಯನ್ನು ಎತ್ತಿ ಆಡಿದ್ದು. ಸೋಮಯ್ಯ ತಿರುಗಿ ಏನೆಂದಿದ್ದ? ಎಷ್ಟು ಹುಡುಕಿದರೂ ಒಂದು ಕೆಟ್ಟ ಮಾತೂ ಸಿಗಲಿಲ್ಲ. ಬಾಗಿಲಲ್ಲಿ ನಿಂತು, ಬರ್ತೀನಿ ಎಂದಿದ್ದ, ಅಷ್ಟೇ.

ಕರಿಬಸವ ಎದ್ದು ನಿಂತ. “ಇನ್ನೂ ದೂರ ಹೋಗಿರಲಾರ. ಕರೆದು ತರಲೇ?”

ಗುರುಗಳು ಅವನ ಮುಖವನ್ನೇ ನೋಡಿದರು.

“ತಂದು, ಇನ್ನೊಮ್ಮೆ ಉಜ್ಜುತ್ತೀಯಾ?”